ಕೋಡ್ ಮುಂದಿನ ಸೊನ್ನೆ ಎಲ್ಲಿ ಹೋಯ್ತು? ಓದುಗರ ಕಂಪ್ಯೂಟರ್ ಪ್ರಶ್ನೆಗಳಿಗೆ ಉತ್ತರ

ಈ ಸಲ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ಬಂದಿರೋ ಪ್ರಶ್ನೆಗಳನ್ನ ಒಟ್ಟಿಗೆ ಇಟ್ಕೊಂಡು ನೋಡಿದ್ರೆ ಬಹುತೇಕ ಎಲ್ಲರದ್ದೂ ಒಂದೇ ಗೋಳು, ಎಕ್ಸೆಲ್‌ಗೆ ಹಾಕಿದ ಕೋಡು ಅಲ್ಲಿ ಬೇರೇನೋ ಆಗಿ ಕೂತಿರುತ್ತೆ. ಅದಕ್ಕೆ ಪ್ರಿಂಟರ್, ವೈಫೈ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಪೂರ್ತಿ ಇದನ್ನೇ ತಗೊಂಡಿದೀನಿ.

ಪ್ರಶ್ನೆ: ಸರ್ ನಮಸ್ಕಾರ. ನಾನು ಮಾಲೂರು ತಾಲ್ಲೂಕಿನ ಒಂದು ಹಳ್ಳಿ ಡೇರೀಲಿ ಲೆಕ್ಕ ಬರೆಯೋನು. ನಮ್ಮ ಸಾಫ್ಟ್‌ವೇರ್‌ನಿಂದ ಸಿಎಸ್‌ವಿ ಫೈಲ್ ಬರುತ್ತೆ, ಡಬಲ್ ಕ್ಲಿಕ್ ಮಾಡಿದ್ರೆ ಎಕ್ಸೆಲ್‌ನಲ್ಲಿ ಓಪನ್ ಆಗುತ್ತೆ. ಮೆಂಬರ್ ಕೋಡ್ 0007 ಅಂತ ಇರೋದು ಬರೀ 7 ಆಗಿರುತ್ತೆ, ಹಸುವಿನ ಕಿವಿ ಓಲೆ ನಂಬರು 1.02ಇ+11 ಅಂತ ಕಾಣುತ್ತೆ. ಹೋದ ಸಲ ಬಟವಾಡೆ ಪಟ್ಟಿ ಬ್ಯಾಂಕಿಗೆ ಕಳಿಸಿದಾಗ ಕೆಲವರ ಅಕೌಂಟ್ ನಂಬರು ತಪ್ಪು ಅಂತ ವಾಪಸ್ ಬಂತು, ನೋಡಿದ್ರೆ ಎಲ್ಲದರ ಕೊನೇ ಅಂಕಿ ಸೊನ್ನೆ. ಕಾಲಂ ಸೆಲೆಕ್ಟ್ ಮಾಡಿ ಫಾರ್ಮ್ಯಾಟ್ ಸೆಲ್ಸ್‌ನಲ್ಲಿ ಟೆಕ್ಸ್ಟ್ ಅಂತ ಕೊಟ್ರೂ ಸರಿ ಹೋಗ್ಲಿಲ್ಲ. ಏನ್ ಮಾಡ್ಬೇಕು?

ಉತ್ತರ: ಮೊದಲು ಒಂದು ಸಮಾಧಾನದ ಮಾತು, ಸಾಫ್ಟ್‌ವೇರ್ ಕೊಟ್ಟ ಮೂಲ ಫೈಲನ್ನ ಎಕ್ಸೆಲ್‌ನಲ್ಲಿ ಓಪನ್ ಮಾಡಿ ಸೇವ್ ಕೊಟ್ಟಿಲ್ಲ ಅಂದ್ರೆ ಅದು ಇನ್ನೂ ಸರಿಯಾಗೇ ಇದೆ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಓಪನ್ ವಿತ್‌ನಲ್ಲಿ ನೋಟ್‌ಪ್ಯಾಡ್ ಆರಿಸಿ ನೋಡಿ. 0007, ಪಕ್ಕದಲ್ಲಿ ಕಾಮ, ಆಮೇಲೆ ಹೆಸರು, ಕಾಮ, ಕಿವಿ ಓಲೆಯ 12 ಅಂಕಿ, ಕಾಮ, ಅಕೌಂಟ್ ನಂಬರು, ಎಲ್ಲ ಇದ್ದ ಹಾಗೇ ಕಾಣುತ್ತೆ. ಸಿಎಸ್‌ವಿ ಅಂದ್ರೆ ಇಷ್ಟೇ, ಬರೀ ಅಕ್ಷರ ಮತ್ತು ಕಾಮ. ಈ ಕಾಲಂ ಕೋಡು, ಆ ಕಾಲಂ ದುಡ್ಡು ಅಂತ ಹೇಳೋ ಮಾಹಿತಿ ಅದರಲ್ಲಿ ಇರೋದೇ ಇಲ್ಲ, ಹಾಗಾಗಿ ಡಬಲ್ ಕ್ಲಿಕ್ ಮಾಡಿದಾಗ ಎಕ್ಸೆಲ್ ನಿಮ್ಮನ್ನ ಏನೂ ಕೇಳದೆ ತಾನೇ ಊಹೆ ಮಾಡುತ್ತೆ, ಅಂಕಿ ತರ ಕಂಡಿದ್ದೆಲ್ಲ ಅದಕ್ಕೆ ಲೆಕ್ಕದ ಸಂಖ್ಯೆ. ಲೆಕ್ಕದಲ್ಲಿ 0007 ಬೇರೆ 7 ಬೇರೆ ಅಲ್ವಲ್ಲ, ಸೊನ್ನೆ ಅಲ್ಲೇ ಬಿದ್ದು ಹೋಗುತ್ತೆ.

ಆಮೇಲೆ ಟೆಕ್ಸ್ಟ್ ಅಂತ ಫಾರ್ಮ್ಯಾಟ್ ಕೊಟ್ರೆ ಯಾಕೆ ಸರಿ ಹೋಗಲ್ಲ ಅಂದ್ರೆ, ಫಾರ್ಮ್ಯಾಟ್ ಅನ್ನೋದು ಸೆಲ್ ಒಳಗೆ ಇರೋದನ್ನ ಹೇಗೆ ತೋರಿಸ್ಬೇಕು, ಇನ್ಮುಂದೆ ಬರೋದನ್ನ ಹೇಗೆ ತಗೋಬೇಕು ಅಂತ ಹೇಳುತ್ತೆ, ಅಷ್ಟೇ. ಒಳಗೆ ಈಗ ಇರೋದೇ 7, ಹೋದ ಸೊನ್ನೆಗಳ ನೆನಪು ಅದಕ್ಕಿಲ್ಲ. ಅಂದ್ರೆ ಟೆಕ್ಸ್ಟ್ ಅನ್ನೋ ತೀರ್ಮಾನ ಡೇಟಾ ಶೀಟ್ ಒಳಗೆ ಬರೋಕೆ ಮುಂಚೆನೇ ಆಗ್ಬೇಕು. ಈ ಒಂದು ವಿಷಯ ಹಿಡ್ಕೊಂಡ್ರೆ ಕೆಳಗಿನ ಉತ್ತರಗಳೆಲ್ಲ ತಾನಾಗೇ ಅರ್ಥ ಆಗುತ್ತೆ.

ನಿಮ್ಮ ಮೂರು ತೊಂದರೆ ಒಂದೇ ತರದ್ದಲ್ಲ, ಇದು ಗಮನಿಸಿ. 0007 ಅನ್ನೋದು 7 ಆಗಿರೋದನ್ನ ವಾಪಸ್ ತರಬಹುದು, ಯಾಕಂದ್ರೆ ನಿಮ್ಮ ಕೋಡು ಯಾವಾಗ್ಲೂ 4 ಅಂಕಿ ಅಂತ ನಿಮಗೆ ಗೊತ್ತು, ಪಕ್ಕದ ಕಾಲಂನಲ್ಲಿ =ಟೆಕ್ಸ್ಟ್(ಎ2,"0000") ಅಂತ ಹಾಕಿದ್ರೆ ಸೊನ್ನೆ ತುಂಬಿ ಕೊಡುತ್ತೆ (ಫಂಕ್ಷನ್ ಹೆಸರು, ಸೆಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ). ಕಿವಿ ಓಲೆದು ಸದ್ಯಕ್ಕೆ ಬರೀ ಕಾಣೋದರ ತೊಂದರೆ, 12 ಅಂಕಿಯೂ ಒಳಗೆ ಇದೆ, ಫಾರ್ಮ್ಯಾಟ್‌ನಲ್ಲಿ ನಂಬರ್ ಆರಿಸಿ ಡೆಸಿಮಲ್ 0 ಕೊಟ್ರೆ ಪೂರ್ತಿ ಕಾಣುತ್ತೆ. ಆದರೆ ಹಾಗೆ ಮಾಡದೆ ಅದೇ ಫೈಲನ್ನ ಮತ್ತೆ ಸಿಎಸ್‌ವಿ ಆಗಿ ಸೇವ್ ಮಾಡಿದ್ರೆ ಪರದೆ ಮೇಲೆ ಕಾಣೋ 1.02ಇ+11 ಅನ್ನೋದೇ ಫೈಲ್ ಒಳಗೆ ಹೋಗುತ್ತೆ, ಆಗ ನಿಜವಾಗ್ಲೂ ಹೋಯ್ತು. ಅಕೌಂಟ್ ನಂಬರಿಂದು ಇನ್ನೂ ಕಷ್ಟ. ಎಕ್ಸೆಲ್ ಒಂದು ಸಂಖ್ಯೇಲಿ 15 ಅಂಕಿ ಮಾತ್ರ ಇಟ್ಕೊಳ್ಳುತ್ತೆ, 16ನೇದು ಮತ್ತು ಅದರ ಮುಂದಿನದು ಎಲ್ಲ ಸೊನ್ನೆ. 1234567890123456 ಅಂತ ಕೊಟ್ರೆ ಅಲ್ಲಿ ಉಳಿಯೋದು 1234567890123450. ನಿಮ್ಮ ಪಟ್ಟೀಲಿ ವಾಪಸ್ ಬಂದಿರೋದು 16 ಅಂಕಿಯ ಅಕೌಂಟ್ ಇರೋರದ್ದೇ ಆಗಿರುತ್ತೆ, ಬೇಕಾದ್ರೆ ಎಣಿಸಿ ನೋಡಿ. ಆ ಕೊನೇ ಅಂಕಿಯನ್ನ ಯಾವ ಫಾರ್ಮುಲಾನೂ ವಾಪಸ್ ತರಲ್ಲ, ಮೂಲ ಫೈಲಿಂದಾನೇ ಮತ್ತೆ ತಗೋಬೇಕು.

ಈಗ ಸರಿಯಾದ ದಾರಿ. ಸಿಎಸ್‌ವಿ ಮೇಲೆ ಡಬಲ್ ಕ್ಲಿಕ್ ಮಾಡೋದನ್ನ ಬಿಟ್ಟುಬಿಡಿ. ಖಾಲಿ ಎಕ್ಸೆಲ್ ಓಪನ್ ಮಾಡಿ, ಮೇಲೆ ಡೇಟಾ ಟ್ಯಾಬ್‌ಗೆ ಹೋಗಿ ಫ್ರಮ್ ಟೆಕ್ಸ್ಟ್/ಸಿಎಸ್‌ವಿ ಒತ್ತಿ, ಫೈಲ್ ಆರಿಸಿ. ಒಂದು ಕಿಟಕಿ ಬರುತ್ತೆ, ಅದರಲ್ಲಿ ಡೇಟಾ ಟೈಪ್ ಡಿಟೆಕ್ಷನ್ ಅಂತ ಇರೋ ಕಡೆ ಡು ನಾಟ್ ಡಿಟೆಕ್ಟ್ ಡೇಟಾ ಟೈಪ್ಸ್ ಅಂತ ಕೊಡಿ. 0007 ಅಲ್ಲೇ ಸರಿಯಾಗಿ ಕಾಣೋಕೆ ಶುರು ಆಗುತ್ತೆ. ಆಮೇಲೆ ಟ್ರಾನ್ಸ್‌ಫಾರ್ಮ್ ಡೇಟಾ ಒತ್ತಿ, ಯಾಕಂದ್ರೆ ಹೀಗೆ ತಂದಾಗ ನಿಮ್ಮ ತಲೆಬರಹದ ಸಾಲು ಕೆಳಗೆ ಇಳಿದು ಮೇಲೆ ಕಾಲಂ1, ಕಾಲಂ2 ಅಂತ ಬಂದಿರೋ ಸಾಧ್ಯತೆ ಜಾಸ್ತಿ. ಅಲ್ಲಿ ಯೂಸ್ ಫಸ್ಟ್ ರೋ ಆ್ಯಸ್ ಹೆಡರ್ಸ್ ಕೊಟ್ರೆ ತಲೆಬರಹ ಮೇಲೆ ಹೋಗುತ್ತೆ, ಆದರೆ ಬಹಳ ಜನ ಎಡವೋದು ಇಲ್ಲೇ, ಇದನ್ನ ಒತ್ತಿದ ತಕ್ಷಣ ಅದು ತಾನಾಗೇ ಮತ್ತೊಂದು ಸಲ ಊಹೆ ಮಾಡಿ ಕೋಡನ್ನ ಸಂಖ್ಯೆ ಮಾಡಿಬಿಡುತ್ತೆ. ಬಲಗಡೆ ಅಪ್ಲೈಡ್ ಸ್ಟೆಪ್ಸ್ ಪಟ್ಟೀಲಿ ಕೊನೇಲಿ ಚೇಂಜ್ಡ್ ಟೈಪ್ ಅಂತ ಸೇರ್ಕೊಂಡಿರುತ್ತೆ, ಅದರ ಪಕ್ಕದ ಗುಣಾಕಾರದ ಗುರುತು ಒತ್ತಿ ತೆಗೆದುಹಾಕಿ. ಸೊನ್ನೆ ವಾಪಸ್ ಬರುತ್ತೆ.

ಈಗ ಎಲ್ಲ ಕಾಲಂ ಟೆಕ್ಸ್ಟ್ ಆಗಿದೆ, ಲೀಟರು, ಫ್ಯಾಟು, ದುಡ್ಡು ಕೂಡ. ಅವು ಹಾಗೇ ಇದ್ರೆ ಮೊತ್ತ ಬರಲ್ಲ, ಆ ಮೂರಕ್ಕೆ ಮಾತ್ರ ತಲೆಬರಹದ ಪಕ್ಕದ ಚಿಕ್ಕ ಗುರುತು ಒತ್ತಿ ಡೆಸಿಮಲ್ ನಂಬರ್ ಕೊಡಿ, ಆಮೇಲೆ ಕ್ಲೋಸ್ ಅಂಡ್ ಲೋಡ್. ಯಾವುದನ್ನ ಸಂಖ್ಯೆ ಮಾಡ್ಬೇಕು ಯಾವುದನ್ನ ಬಿಡ್ಬೇಕು ಅಂತ ಅನುಮಾನ ಬಂದ್ರೆ ಇದನ್ನ ನಾನು ಯಾವತ್ತಾದ್ರೂ ಕೂಡ್ತೀನಾ, ಗುಣಿಸ್ತೀನಾ ಅಂತ ಕೇಳ್ಕೊಳ್ಳಿ. ಲೀಟರ್ ಕೂಡ್ತೀವಿ. ಮೆಂಬರ್ ಕೋಡ್, ಕಿವಿ ಓಲೆ, ಅಕೌಂಟ್ ನಂಬರ್, ಫೋನ್ ನಂಬರ್ ಯಾರೂ ಕೂಡಲ್ಲ.

ಕೆಲಸ ಮುಗಿದ್ಮೇಲೆ ಎಕ್ಸೆಲ್ ವರ್ಕ್‌ಬುಕ್ ಆಗಿ ಸೇವ್ ಮಾಡಿ, ಅದರಲ್ಲಿ ಟೆಕ್ಸ್ಟ್ ಅನ್ನೋದು ನೆನಪಿರುತ್ತೆ. ಬ್ಯಾಂಕಿನೋರು ಸಿಎಸ್‌ವಿನೇ ಬೇಕು ಅಂದ್ರೆ ಕೊನೇಲಿ ಒಂದು ಸಲ ಮಾಡಿ ಕೊಡಿ, ಕಳಿಸೋ ಮುಂಚೆ ನೋಟ್‌ಪ್ಯಾಡ್‌ನಲ್ಲೇ ನೋಡಿ, ಎಕ್ಸೆಲ್‌ನಲ್ಲಿ ಓಪನ್ ಮಾಡಿ ಚೆಕ್ ಮಾಡೋಕೆ ಹೋಗ್ಬೇಡಿ. ಹಾಗೆ ಓಪನ್ ಮಾಡಿದ್ರೆ ಮತ್ತೆ ಅದೇ ಊಹೆ, ಅಪ್ಪಿತಪ್ಪಿ ಸೇವ್ ಒತ್ತಿದ್ರೆ ಮತ್ತೆ ಅದೇ ಪಾಡು. ಹಾಲು ಹಾಕಿದೋರ ದುಡ್ಡು ಅದು, ಒಂದು ಅಂಕಿ ತಪ್ಪಿದ್ರೂ ವಾರಗಟ್ಟಲೆ ಅವರು ಬ್ಯಾಂಕಿಗೆ ಅಲೀಬೇಕು.

ಕೋಡಿನ ಸೆಲ್‌ಗಳ ಮೂಲೇಲಿ ಹಸಿರು ತ್ರಿಕೋನ ಬಂದು ನಂಬರ್ ಸ್ಟೋರ್ಡ್ ಆ್ಯಸ್ ಟೆಕ್ಸ್ಟ್ ಅಂತ ಹೇಳಿದ್ರೆ ಗಾಬರಿ ಬೇಡ, ನಮಗೆ ಬೇಕಾಗಿರೋದೇ ಅದು. ಕನ್ವರ್ಟ್ ಟು ನಂಬರ್ ಮಾತ್ರ ಒತ್ತಬೇಡಿ.

ಪ್ರಶ್ನೆ: ನಾನು ಚಿಂತಾಮಣೀಲಿ ಸೈಬರ್ ಸೆಂಟರ್ ಇಟ್ಟಿದೀನಿ, ರೈತರ ಅರ್ಜಿ, ಪಹಣಿ ಕೆಲಸ ಜಾಸ್ತಿ. ಸರ್ವೆ ನಂಬರ್ 12/3 ಅಂತ ಹೊಡೆದ್ರೆ 12-ಮಾರ್ಚ್ ಆಗುತ್ತೆ. ಇನ್ನೊಬ್ಬರು ಕೊಟ್ಟ ಒಂದು ದೊಡ್ಡ ಪಟ್ಟೀಲಿ ಆಗ್ಲೇ ಹೀಗಾಗಿದೆ, ಟೆಕ್ಸ್ಟ್ ಮಾಡಿದ್ರೆ 45728 ಅಂತ ಏನೋ ಬರುತ್ತೆ. ಸರಿ ಮಾಡೋಕೆ ಆಗುತ್ತಾ?

ಉತ್ತರ: ಆಗುತ್ತೆ, ಆದರೆ ಹುಷಾರಾಗಿ ಮಾಡ್ಬೇಕು ಮೇಡಂ, ಸರ್ವೆ ನಂಬರಲ್ಲಿ ಹಿಸ್ಸೆ, ಅಂದ್ರೆ ಓರೆಗೆರೆ ಆದ್ಮೇಲಿನ ಅಂಕಿ, ತಪ್ಪಿದ್ರೆ ಪಕ್ಕದ ಜಮೀನಿನೋರ ಹೆಸರಿಗೆ ಅರ್ಜಿ ಹೋಗುತ್ತೆ. 45728 ಅನ್ನೋದು ಸುಮ್ನೆ ಬಂದಿರೋದಲ್ಲ, ಎಕ್ಸೆಲ್ ತಾರೀಖನ್ನ 1900ನೇ ಇಸವಿ ಜನವರಿ 1ರಿಂದ ಎಣಿಸಿದ ದಿನದ ಲೆಕ್ಕವಾಗಿ ಇಟ್ಕೊಳ್ಳುತ್ತೆ, 45728 ಅಂದ್ರೆ 2025ರ ಮಾರ್ಚ್ 12. ನೀವು ಇಸವಿ ಕೊಟ್ಟಿಲ್ಲ ಅಂದ್ರೆ ಹೊಡೆದ ವರ್ಷವನ್ನೇ ಅದು ಸೇರಿಸ್ಕೊಳ್ಳುತ್ತೆ.

ವಾಪಸ್ ತರೋಕೆ ಪಕ್ಕದ ಕಾಲಂನಲ್ಲಿ ಟೆಕ್ಸ್ಟ್ ಫಂಕ್ಷನ್ ಹಾಕಿ, ಒಳಗಿನ ಮಾದರಿ ದಿನ, ಓರೆಗೆರೆ, ತಿಂಗಳು ಅಂತ, ಅಂದ್ರೆ ಇಂಗ್ಲಿಷಲ್ಲಿ "ಡಿ/ಎಂ". 12/3 ಬರುತ್ತೆ (ಓರೆಗೆರೆ ಬದಲು 12-3 ಅಂತ ಬಂದ್ರೆ ಮಾದರೀಲಿ ಓರೆಗೆರೆಗೆ ಮುಂಚೆ ಒಂದು \ ಹಾಕಿ). ಆದರೆ ಆ ಪಟ್ಟಿ ಮಾಡಿದ ಕಂಪ್ಯೂಟರಿನ ರೀಜನ್ ಸೆಟ್ಟಿಂಗ್ ಇಂಡಿಯಾ ಇತ್ತಾ ಅಮೆರಿಕಾ ಇತ್ತಾ ಅನ್ನೋದು ಗೊತ್ತಾಗ್ಬೇಕು, ಅಮೆರಿಕಾ ಇದ್ರೆ ಅದು 12/3 ಅನ್ನ ಡಿಸೆಂಬರ್ 3 ಅಂತ ಓದಿರುತ್ತೆ, ಆಗ ಮಾದರಿ "ಎಂ/ಡಿ" ಆಗ್ಬೇಕು. ಇನ್ನೊಂದು, 3/45 ತರದ ನಂಬರಿಗೆ 45ನೇ ದಿನ ಅಂತ ಇಲ್ವಲ್ಲ, 45 ಅನ್ನೋದನ್ನ ಇಸವಿ ಮಾಡ್ಕೊಂಡು ಮಾರ್ಚ್ ತಿಂಗಳು ಅಂತ ತಗೊಂಡಿರುತ್ತೆ, ಅದಕ್ಕೆ "ಎಂ/ವೈವೈ" ಬೇಕು. ಹಾಗಾಗಿ ಮೊದಲು ಇಸವಿ ಕಾಣೋ ತರ ಫಾರ್ಮ್ಯಾಟ್ ಮಾಡಿ ವಿಂಗಡಿಸ್ಕೊಳ್ಳಿ. 145/2 ತರ ಯಾವ ರೀತೀಲೂ ತಾರೀಖು ಆಗದೇ ಇರೋದು ಮುಟ್ಟದೆ ಹಾಗೇ ಉಳಿದಿರುತ್ತೆ, ಪಟ್ಟೀಲಿ ಅರ್ಧ ಸರಿ ಅರ್ಧ ತಪ್ಪು ಇರೋದ್ರಿಂದಲೇ ಇದು ಬೇಗ ಕಣ್ಣಿಗೆ ಬೀಳಲ್ಲ. ಗುರುತು ಹಿಡಿಯೋಕೆ ಸುಲಭ ಉಪಾಯ, ಕಾಲಂನ ಅಲೈನ್‌ಮೆಂಟ್ ಮುಟ್ಟದೆ ನೋಡಿ, ಎಡಕ್ಕೆ ಅಂಟಿರೋದು ಟೆಕ್ಸ್ಟ್, ಬಲಕ್ಕೆ ಅಂಟಿರೋದು ಸಂಖ್ಯೆ ಅಥವಾ ತಾರೀಖು. ಎಲ್ಲ ಆದ್ಮೇಲೂ ಪಹಣಿ ಮುಂದೆ ಇಟ್ಕೊಂಡು ಒಂದೊಂದಾಗಿ ತಾಳೆ ನೋಡಿ, ಇದಕ್ಕೆ ಅಡ್ಡದಾರಿ ಇಲ್ಲ.

ಮುಂದಕ್ಕೆ ಕೈಯಲ್ಲಿ ಹೊಡೆಯುವಾಗ ಕಾಲಂ ಖಾಲಿ ಇರುವಾಗ್ಲೇ ಪೂರ್ತಿ ಟೆಕ್ಸ್ಟ್ ಮಾಡಿಬಿಡಿ. ಒಂದೆರಡೇ ಇದ್ರೆ ಮೊದಲು ಒಂದು ಸಿಂಗಲ್ ಕೋಟ್ ಹಾಕಿ ಆಮೇಲೆ 12/3 ಹೊಡೀರಿ, ಕೋಟ್ ಸೆಲ್‌ನಲ್ಲಿ ಕಾಣಲ್ಲ, ಪ್ರಿಂಟಲ್ಲೂ ಬರಲ್ಲ. ಬೇರೆ ಕಡೆಯಿಂದ ಕಾಪಿ ಮಾಡಿ ಹಾಕೋದಾದ್ರೂ ಅಷ್ಟೇ, ಮೊದಲು ಕಾಲಂ ಟೆಕ್ಸ್ಟ್, ಆಮೇಲೆ ಪೇಸ್ಟ್ ಸ್ಪೆಷಲ್‌ನಲ್ಲಿ ಟೆಕ್ಸ್ಟ್.

ಪ್ರಶ್ನೆ: ತುಮಕೂರಲ್ಲಿ ನಮ್ಮದು ಮೆಡಿಕಲ್ ಸ್ಟೋರ್. ಡಿಸ್ಟ್ರಿಬ್ಯೂಟರ್ ಕಳಿಸೋ ಫೈಲ್‌ನಲ್ಲಿ 23ಇ04 ಅನ್ನೋ ಬ್ಯಾಚ್ ನಂಬರು 2.30ಇ+05 ಆಗುತ್ತೆ, ಎಂಎಆರ್5 ಅನ್ನೋದು 05-ಮಾರ್ಚ್ ಆಗುತ್ತೆ. ಪ್ರತಿ ಸಲ ಆ ಇಂಪೋರ್ಟ್ ಎಲ್ಲ ಮಾಡ್ತಾ ಕೂರೋಕೆ ಟೈಮಿಲ್ಲ, ಒಂದೇ ಸಲ ನಿಲ್ಲಿಸೋಕೆ ಸೆಟ್ಟಿಂಗ್ ಇಲ್ವಾ?

ಉತ್ತರ: ಇದೆ, ನಿಮ್ಮದು ಮೈಕ್ರೋಸಾಫ್ಟ್ 365ರ ಎಕ್ಸೆಲ್ ಆಗಿದ್ರೆ. ಫೈಲ್, ಆಪ್ಷನ್ಸ್, ಡೇಟಾ ಅಂತ ಹೋಗಿ, ಆಟೋಮ್ಯಾಟಿಕ್ ಡೇಟಾ ಕನ್ವರ್ಷನ್ ಅಂತ ಒಂದು ಭಾಗ ಇದೆ, 2023ರ ಕೊನೇಲಿ ಎಲ್ಲರಿಗೂ ಬಂದಿದ್ದು. ಮುಂದಿನ ಸೊನ್ನೆ ತೆಗೆಯೋದು, ಉದ್ದ ನಂಬರಿನ 15 ಅಂಕಿ ಮಾತ್ರ ಉಳಿಸ್ಕೊಳ್ಳೋದು, ಅಂಕಿಗಳ ಮಧ್ಯೆ 'ಇ' ಬಂದ್ರೆ ಅದನ್ನ ಹತ್ತರ ಘಾತ ಅಂತ ಓದೋದು, ಅಕ್ಷರ ಅಂಕಿ ಸೇರಿರೋದನ್ನ ತಾರೀಖು ಮಾಡೋದು, ನಾಲ್ಕಕ್ಕೂ ಬೇರೆ ಬೇರೆ ಟಿಕ್ ಇರುತ್ತೆ, ನಾಲ್ಕನ್ನೂ ತೆಗೆದುಬಿಡಿ. 23ಇ04 ಅನ್ನೋದು ನಿಮಗೆ ಬ್ಯಾಚು, ಅದಕ್ಕೆ 23 ಆದ್ಮೇಲೆ ನಾಲ್ಕು ಸೊನ್ನೆ, 230000 ಅಂತ ಅರ್ಥ ಆಗ್ತಿತ್ತು, ಟಿಕ್ ತೆಗೆದ್ಮೇಲೆ ಆಗಲ್ಲ.

ಎರಡು ಮಿತಿ ಇದೆ. ಒಂದು, ತಾರೀಖಿನ ಟಿಕ್ಕು ಎಂಎಆರ್5 ತರ ಅಂಟಿಕೊಂಡಿರೋದಕ್ಕೆ ಮಾತ್ರ, ಮಧ್ಯೆ ಗೆರೆನೋ ಜಾಗನೋ ಇದ್ರೆ ಅದನ್ನ ಈಗ್ಲೂ ತಾರೀಖು ಮಾಡುತ್ತೆ, ಅದಕ್ಕೇ ಮೇಲಿನ ಸರ್ವೆ ನಂಬರಿಗೆ ಈ ಸೆಟ್ಟಿಂಗ್ ಹೇಳ್ಲಿಲ್ಲ. ಎರಡು, ಈ ಸೆಟ್ಟಿಂಗ್ ನಿಮ್ಮ ಕಂಪ್ಯೂಟರಿಗೆ ಮಾತ್ರ, ಅದೇ ಸಿಎಸ್‌ವಿನ ನಿಮ್ಮ ಅಕೌಂಟೆಂಟ್ ಅವರ ಆಫೀಸಲ್ಲಿ ಓಪನ್ ಮಾಡಿದ್ರೆ ಅಲ್ಲಿ ಹಳೇ ಕಥೆನೇ. ಔಷಧಿ ಬ್ಯಾಚ್ ವಾಪಸ್ ತಗೊಳ್ಳಿ ಅಂತ ಆದೇಶ ಬಂದಾಗ ಸ್ಟಾಕಲ್ಲಿ ಆ ಬ್ಯಾಚು ಹುಡುಕಿದ್ರೆ ಸಿಗದೇ ಇದ್ರೆ ಏನ್ ಗತಿ, ಅದಕ್ಕೆ ಇಬ್ಬರ ಕಡೆನೂ ಸರಿ ಮಾಡಿಸಿ.

ಎಕ್ಸೆಲ್ ಹಳೇ ವರ್ಷನ್ ಆಗಿದ್ರೆ ಫೈಲ್ ಹೆಸರಿನ ಕೊನೇಲಿ ಸಿಎಸ್‌ವಿ ಅಂತ ಇರೋದನ್ನ ಟಿಎಕ್ಸ್‌ಟಿ ಅಂತ ಬದಲಾಯಿಸಿ, ಎಕ್ಸೆಲ್ ಒಳಗಿಂದ ಫೈಲ್ ಓಪನ್ ಕೊಡಿ. ಆಗ ಟೆಕ್ಸ್ಟ್ ಇಂಪೋರ್ಟ್ ವಿಝಾರ್ಡ್ ಬರುತ್ತೆ, ಎರಡನೇ ಹೆಜ್ಜೇಲಿ ಕಾಮ, ಮೂರನೇದರಲ್ಲಿ ಬ್ಯಾಚ್ ಕಾಲಂ ಆರಿಸಿ ಟೆಕ್ಸ್ಟ್.

ಇದು ನಮ್ಮ ನಿಮ್ಮ ಅಂಗಡೀಲಿ ಮಾತ್ರ ಆಗೋದಲ್ಲ. ಮನುಷ್ಯನ ಜೀನ್‌ಗಳಲ್ಲಿ ಎಂಎಆರ್‌ಸಿಎಚ್1, ಎಸ್‌ಇಪಿಟಿ2 ಅಂತ ಹೆಸರಿದ್ದವು ಎಕ್ಸೆಲ್‌ನಲ್ಲಿ ತಾರೀಖಾಗಿಬಿಟ್ಟು, 2016ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಎಕ್ಸೆಲ್ ಜೀನ್ ಪಟ್ಟಿ ಲಗತ್ತಿಸಿದ್ದ ಪ್ರಬಂಧಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದರಲ್ಲಿ ಈ ತಪ್ಪು ಸಿಕ್ತು. ಜೀನ್‌ಗಳಿಗೆ ಹೆಸರಿಡೋ ಅಂತರರಾಷ್ಟ್ರೀಯ ಸಮಿತಿ ಕೊನೆಗೆ 2020ರಲ್ಲಿ ಆ ಹೆಸರುಗಳನ್ನೇ ಬದಲಾಯಿಸ್ತು. ವಿಜ್ಞಾನಿಗಳೇ ಹೆಸರು ಬದಲಾಯಿಸೋ ಹಂತಕ್ಕೆ ಹೋದ್ರು ಅಂದ್ಮೇಲೆ ಇದು ಬರೆಯೋರ ಅಜಾಗರೂಕತೆ ಅಂತ ಯಾರೂ ನಿಮ್ಮ ಅಂಗಡಿ ಹುಡುಗನ್ನ ಬಯ್ಯಬಾರದು.

ಪ್ರಶ್ನೆ: ಗೌರಿಬಿದನೂರಿಂದ ಒಬ್ಬ ಟೀಚರ್. ಗೂಗಲ್ ಶೀಟ್ಸ್‌ಗೆ ಮಕ್ಕಳ ಪಟ್ಟಿ ಹಾಕಿದ್ರೆ 08155ರಿಂದ ಶುರುವಾಗೋ ಲ್ಯಾಂಡ್‌ಲೈನ್ ನಂಬರಿನ ಸೊನ್ನೆ ಹೋಗುತ್ತೆ. ಶಾಲೆ ಲ್ಯಾಬಲ್ಲಿ ಲಿಬ್ರೆ ಆಫೀಸ್ ಇದೆ, ಅದರಲ್ಲಿ ಆಗುತ್ತಾ?

ಉತ್ತರ: ಎರಡರಲ್ಲೂ ಎಕ್ಸೆಲ್‌ಗಿಂತ ಸುಲಭ. ಗೂಗಲ್ ಶೀಟ್ಸ್‌ನಲ್ಲಿ ಫೈಲ್, ಇಂಪೋರ್ಟ್ ಅಂತ ಹೋಗಿ ಅಪ್‌ಲೋಡ್ ಮಾಡಿ, ಬರೋ ಕಿಟಕೀಲಿ ಕನ್ವರ್ಟ್ ಟೆಕ್ಸ್ಟ್ ಟು ನಂಬರ್ಸ್, ಡೇಟ್ಸ್ ಅಂಡ್ ಫಾರ್ಮುಲಾಸ್ ಅನ್ನೋ ಟಿಕ್ ತೆಗೀರಿ, ಅಷ್ಟೇ. ಲಿಬ್ರೆ ಆಫೀಸ್ ಕ್ಯಾಲ್ಕ್ ಅಂತೂ ಸಿಎಸ್‌ವಿ ಓಪನ್ ಮಾಡಿದ ತಕ್ಷಣ ತಾನೇ ಕೇಳುತ್ತೆ, ಕೆಳಗೆ ಕಾಣೋ ಮಾದರೀಲಿ ಫೋನ್ ಕಾಲಂ ತಲೆ ಮೇಲೆ ಒತ್ತಿ ಕಾಲಂ ಟೈಪ್ ಟೆಕ್ಸ್ಟ್ ಕೊಡಿ. ಅಲ್ಲೇ ಮೇಲೆ ಕ್ಯಾರೆಕ್ಟರ್ ಸೆಟ್ ಯುಟಿಎಫ್-8 ಇದೆಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ಮಕ್ಕಳ ಕನ್ನಡ ಹೆಸರೆಲ್ಲ ಅರ್ಥವಿಲ್ಲದ ಗುರುತುಗಳಾಗಿ ಬರುತ್ತೆ. ಎಕ್ಸೆಲ್‌ನಲ್ಲಿ ಕನ್ನಡ ಹಾಳಾಗೋದಕ್ಕೂ ಇದೇ ಮದ್ದು, ಇಂಪೋರ್ಟ್ ಕಿಟಕೀಲಿ ಫೈಲ್ ಒರಿಜಿನ್ ಅಂತ ಇರೋ ಕಡೆ 65001 ಯೂನಿಕೋಡ್ ಯುಟಿಎಫ್-8.

ಪ್ರಶ್ನೆ: ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ತಗೊಳ್ಳೋರ ಹತ್ರ ಕೆಲಸ ಮಾಡ್ತೀನಿ. ಒಂದು ಶೀಟಲ್ಲಿ ರೈತರ ಕೋಡು, ಇನ್ನೊಂದರಲ್ಲಿ ಲಾಟು. ಕೋಡು ಎರಡರಲ್ಲೂ ಕಣ್ಣಿಗೆ ಒಂದೇ ತರ ಇದ್ರೂ ಒಂದು ಶೀಟಿನ ಕೋಡನ್ನ ಇನ್ನೊಂದರಲ್ಲಿ ಹುಡುಕೋ ವಿಲುಕಪ್ ಫಾರ್ಮುಲಾ ಸಿಗಲಿಲ್ಲ ಅನ್ನೋ ಅರ್ಥದ ಎನ್‌/ಎ ಅಂತಾನೆ ಹೇಳುತ್ತೆ. ಇನ್ನೊಂದು, 16 ಅಂಕಿಯ ಅಕೌಂಟ್ ನಂಬರುಗಳನ್ನ ಟೆಕ್ಸ್ಟ್ ಆಗೇ ಇಟ್ಟಿದೀನಿ, ಆದ್ರೂ ಒಂದು ನಂಬರು ಎಷ್ಟು ಸಲ ಬಂದಿದೆ ಅಂತ ಎಣಿಸೋ ಕೌಂಟ್‌ಇಫ್ ಬೇರೆ ಬೇರೆ ನಂಬರನ್ನ ಡೂಪ್ಲಿಕೇಟ್ ಅಂತ ತೋರಿಸುತ್ತೆ.

ಉತ್ತರ: ಮೊದಲನೇದು ಒಂದು ಶೀಟಲ್ಲಿ ಕೋಡು ಟೆಕ್ಸ್ಟು, ಇನ್ನೊಂದರಲ್ಲಿ ಸಂಖ್ಯೆ. ಸಂಖ್ಯೆ ಆಗಿರೋ ಕಡೆ ಕಸ್ಟಮ್ ಫಾರ್ಮ್ಯಾಟ್‌ನಲ್ಲಿ 0000 ಅಂತ ಯಾರೋ ಕೊಟ್ಟಿರ್ತಾರೆ, ಅದಕ್ಕೆ 0412 ಅಂತ ಚೆನ್ನಾಗಿ ಕಾಣುತ್ತೆ, ಒಳಗೆ ಇರೋದು 412. ಸೆಲ್ ಮೇಲೆ ಒತ್ತಿ ಮೇಲಿನ ಫಾರ್ಮುಲಾ ಬಾರ್ ನೋಡಿ, ನಿಜ ಅಲ್ಲಿ ಗೊತ್ತಾಗುತ್ತೆ. ಸಂಖ್ಯೆ ಇರೋ ಶೀಟಲ್ಲಿ ಡೇರಿಯವರಿಗೆ ಹೇಳಿದ ಟೆಕ್ಸ್ಟ್ ಫಂಕ್ಷನ್ನಿಂದ ಹೊಸ ಕಾಲಂ ಮಾಡಿ, ಅದರ ಮೇಲೆ ವಿಲುಕಪ್ ಹಾಕಿ. ಟೆಕ್ಸ್ಟ್ ಇರೋ ಕಡೆಯನ್ನ ಸಂಖ್ಯೆ ಮಾಡೋ ಉಪಾಯ ಯಾರಾದ್ರೂ ಹೇಳಿದ್ರೆ ಬೇಡ, ಇವತ್ತು ಕೆಲಸ ಆಗುತ್ತೆ, ಆದರೆ ಆ ಶೀಟನ್ನ ಇನ್ನೊಬ್ಬರಿಗೆ ಕೊಟ್ಟಾಗ ಮತ್ತೆ ಸೊನ್ನೆ ಇಲ್ಲದ ಕೋಡೇ ಹೋಗುತ್ತೆ.

ಎರಡನೇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಕೌಂಟ್‌ಇಫ್ ಅನ್ನೋದು ಟೆಕ್ಸ್ಟ್ ಆಗಿದ್ರೂ ಅಂಕಿ ತರ ಕಂಡಿದ್ದನ್ನ ಒಳಗೊಳಗೇ ಸಂಖ್ಯೆ ಮಾಡ್ಕೊಂಡು ಹೋಲಿಸುತ್ತೆ, ಹಾಗಾಗಿ ಮೊದಲ 15 ಅಂಕಿ ಒಂದೇ ಇರೋ ಎರಡು ಅಕೌಂಟು ಅದಕ್ಕೆ ಒಂದೇ. ಒಂದೇ ಬ್ರಾಂಚಲ್ಲಿ ಒಂದರ ಹಿಂದೆ ಒಂದು ತೆಗೆಸಿರೋ ಅಕೌಂಟುಗಳಲ್ಲಿ ಇದು ಸುಲಭವಾಗಿ ಆಗುತ್ತೆ. ಅದನ್ನ ನಂಬಿ ಸಾಲು ಡಿಲೀಟ್ ಮಾಡಿದ್ರೆ ಒಬ್ಬ ರೈತರ ದುಡ್ಡೇ ಪಟ್ಟಿಯಿಂದ ಹೋಗುತ್ತೆ, ಈಗಾಗ್ಲೇ ಡಿಲೀಟ್ ಮಾಡಿದ್ರೆ ಮೊದಲು ಹಳೇ ಕಾಪಿ ತೆಗೆದು ನೋಡಿ. ಹೋಲಿಸೋ ಜಾಗದಲ್ಲಿ ಎ2 ಆದ್ಮೇಲೆ &"*" ಅಂತ ಸೇರಿಸಿ, ನಕ್ಷತ್ರ ಬಂದ್ರೆ ಅದು ಟೆಕ್ಸ್ಟ್ ಆಗೇ ಹೋಲಿಸ್ಬೇಕಾಗುತ್ತೆ, ಎಲ್ಲ ನಂಬರೂ 16 ಅಂಕಿಯವೇ ಆಗಿದ್ರೆ ಉತ್ತರ ಸರಿ ಬರುತ್ತೆ. ಉದ್ದ ಬೇರೆ ಬೇರೆ ಇದ್ರೆ =ಸಮ್‌ಪ್ರಾಡಕ್ಟ್(--(ಎ$2:ಎ$600=ಎ2)) ಹಾಕಿ, 600ರ ಜಾಗದಲ್ಲಿ ನಿಮ್ಮ ಪಟ್ಟಿಯ ಕೊನೇ ಸಾಲಿನ ನಂಬರು ಕೊಡಿ, ಉತ್ತರ 1ಕ್ಕಿಂತ ಜಾಸ್ತಿ ಬಂದ ಸಾಲು ಮಾತ್ರ ನಿಜವಾದ ಡೂಪ್ಲಿಕೇಟು.